ಪ್ರೊಟೀನಿನ ಸಂಪರ್ಕ ಪಟ್ಟಿ ತಪ್ಪು ಬಂದಾಗ ಎಲ್ಲಿ ಹುಡುಕಬೇಕು

ಪ್ರೊಟೀನಿನ ರಚನೆಯ ಫೈಲ್ ಓದಿ, ಯಾವ ರೆಸಿಡ್ಯೂ (ಪ್ರೊಟೀನ್ ಸರಪಳಿಯ ಒಂದೊಂದು ಅಮೈನೋ ಆಮ್ಲ) ಯಾವುದಕ್ಕೆ ತಾಗಿಕೊಂಡಿದೆ ಅಂತ ಪಟ್ಟಿ ಮಾಡುವ ಕೆಲಸ ನೋಡಲು ಸುಲಭ. ಪರಮಾಣುಗಳ ನಡುವಿನ ದೂರ ಅಳೆಯಬೇಕು. ಅದು ನಾವು ಇಟ್ಟುಕೊಂಡ ಮಿತಿಗಿಂತ ಕಡಿಮೆ ಇದ್ದರೆ ಆ ಜೋಡಿಯನ್ನು ಬರೆದುಕೊಳ್ಳಬೇಕು. ಅಷ್ಟೇ. ಆದರೆ ಈ ಲೆಕ್ಕಕ್ಕೆ ಒಂದು ಕೆಟ್ಟ ಗುಣ ಉಂಟು. ತಪ್ಪಾದಾಗ ಎರರ್ ಬರುವುದಿಲ್ಲ. ಸ್ಕ್ರಿಪ್ಟ್ ಸಲೀಸಾಗಿ ಓಡುತ್ತದೆ, ಪಟ್ಟಿ ಬರುತ್ತದೆ, ಬಣ್ಣದ ನಕ್ಷೆಯೂ ಬರುತ್ತದೆ. ತಪ್ಪು ಗೊತ್ತಾಗುವುದು ವೈವಾದ ದಿನ, ಇಲ್ಲವೇ ಪೇಪರ್ ಕಳಿಸಿದ ಮೇಲೆ.

ಮಂಗಳೂರು, ಕೊಣಾಜೆ, ದೇರಳಕಟ್ಟೆ, ಮಣಿಪಾಲ ಕಡೆ ಎಂ.ಎಸ್ಸಿ. ಪ್ರಾಜೆಕ್ಟಿಗೆ ಈ ಕೆಲಸ ಹಿಡಿಯುವ ಮಕ್ಕಳು ಜಾಸ್ತಿಯಾಗಿದ್ದಾರೆ. ಅವರು ತರುವ ಪಟ್ಟಿಗಳಲ್ಲಿ ಮತ್ತೆ ಮತ್ತೆ ಕಾಣುವ ದೋಷಗಳನ್ನು ಇಲ್ಲಿ ಬರೆದಿದ್ದೇನೆ. ಪಟ್ಟಿ ಸರಿ ಇಲ್ಲ ಅನ್ನಿಸಿದ ಕೂಡಲೇ ಎಲ್ಲರೂ ಕೈ ಹಾಕುವುದು ಕಟ್‌ಆಫ್‌ಗೆ, ಅಂದರೆ ಆ ದೂರದ ಮಿತಿಗೆ. 4ನ್ನು 5 ಮಾಡುತ್ತಾರೆ, 5ನ್ನು 6 ಮಾಡುತ್ತಾರೆ. ದಯವಿಟ್ಟು ಅದನ್ನು ಮೊದಲು ಮುಟ್ಟಬೇಡಿ. ನಾನು ನೋಡಿದಂತೆ ಹೆಚ್ಚಿನ ದೋಷ ದೂರ ಅಳೆಯುವುದಕ್ಕಿಂತ ಮೊದಲೇ ಆಗಿರುತ್ತದೆ. ಲೆಕ್ಕದ ಒಳಗೆ ಯಾವ ಪರಮಾಣು ಬಂತು, ಯಾವುದು ಹೊರಗೆ ಉಳಿಯಿತು ಎನ್ನುವಲ್ಲಿ.

ಮೊದಲು ಉತ್ತರ ಗೊತ್ತಿರುವ ಪ್ರೊಟೀನಿನಲ್ಲಿ ಓಡಿಸಿ

ಪ್ರೊಟೀನ್ ರಚನೆಗಳ ಸಂಗ್ರಹವಾದ ಪ್ರೊಟೀನ್ ಡೇಟಾ ಬ್ಯಾಂಕಿನಿಂದ 1ಸಿಆರ್‌ಎನ್ ಎಂಬ ಫೈಲ್ ಇಳಿಸಿಕೊಳ್ಳಿ. ಇದು ಕ್ರ್ಯಾಂಬಿನ್, ಒಂದು ಗಿಡದ ಬೀಜದಲ್ಲಿರುವ ಪುಟ್ಟ ಪ್ರೊಟೀನ್. 46 ರೆಸಿಡ್ಯೂ, 327 ಪರಮಾಣು, ಒಂದೇ ಚೈನ್ (ರೆಸಿಡ್ಯೂಗಳ ಸರಪಳಿ). ನೀರಿನ ಅಣುವಿಲ್ಲ, ಹೈಡ್ರೋಜನ್ ಇಲ್ಲ. ಇದರಲ್ಲಿ ಮೂರು ಡೈಸಲ್ಫೈಡ್ ಬಂಧಗಳು (ಎರಡು ಸಿಸ್ಟೀನ್ ರೆಸಿಡ್ಯೂಗಳ ಗಂಧಕಗಳು ಸೇರಿದ ಬಂಧ): ಸಿಸ್ಟೀನ್ 3 ಮತ್ತು 40, 4 ಮತ್ತು 32, 16 ಮತ್ತು 26.

ನಿಮ್ಮ ಸ್ಕ್ರಿಪ್ಟ್ ಓದಿದ ಪರಮಾಣುಗಳ ಸಂಖ್ಯೆ 327 ಬಂತಾ? ಬರದಿದ್ದರೆ ಮುಂದೆ ಹೋಗುವುದೇ ಬೇಡ, ಫೈಲ್ ಓದುವ ಭಾಗದಲ್ಲೇ ತಪ್ಪಿದೆ. ಆ ಮೂರು ಸಿಸ್ಟೀನ್ ಜೋಡಿಗಳು ಪಟ್ಟಿಯಲ್ಲಿ ಇವೆಯಾ? ಗಂಧಕ-ಗಂಧಕ ದೂರ 2 ಆಂಗ್‌ಸ್ಟ್ರಾಂ ಆಸುಪಾಸು ಇದೆಯಾ? (ಒಂದು ಆಂಗ್‌ಸ್ಟ್ರಾಂ ಅಂದರೆ ನ್ಯಾನೋಮೀಟರಿನ ಹತ್ತರಲ್ಲೊಂದು ಭಾಗ.) ಒಟ್ಟು ಸಂಪರ್ಕ 1035 ಬಂದರೆ ಅದೂ ದೋಷವೇ. 46 ರೆಸಿಡ್ಯೂಗಳಲ್ಲಿ ಮಾಡಬಹುದಾದ ಜೋಡಿಗಳೇ 1035. ಅಂದರೆ ಎಲ್ಲರೂ ಎಲ್ಲರಿಗೂ ತಾಗಿದ್ದಾರೆ ಅಂತ ಸ್ಕ್ರಿಪ್ಟ್ ಹೇಳುತ್ತಿದೆ. ಇದು ಬಹುಪಾಲು ಅಳತೆಯ ಮಾನದ ತಪ್ಪು. ಈ ಲೆಕ್ಕಕ್ಕೆ ಬಳಸುವ ಸಾಫ್ಟ್‌ವೇರ್‌ಗಳಲ್ಲಿ ಬಯೋಪೈಥಾನ್ ಆಂಗ್‌ಸ್ಟ್ರಾಂನಲ್ಲಿ ಮಾತಾಡುತ್ತದೆ, ಎಂಡಿಟ್ರಾಜ್ ಮತ್ತು ಗ್ರೋಮ್ಯಾಕ್ಸ್ ನ್ಯಾನೋಮೀಟರಿನಲ್ಲಿ. 4.5 ಆಂಗ್‌ಸ್ಟ್ರಾಂ ಅಂದರೆ 0.45 ನ್ಯಾನೋಮೀಟರ್. 4.5 ಅಂತಲೇ ಹಾಕಿದರೆ ಮಿತಿ 45 ಆಂಗ್‌ಸ್ಟ್ರಾಂ ಆಗಿ, ಚಿಕ್ಕ ಪ್ರೊಟೀನ್ ಇಡೀ ಅದರೊಳಗೆ ಬಂದುಬಿಡುತ್ತದೆ.

ಅತಿ ಚಿಕ್ಕ ದೂರಗಳನ್ನು ಓದಿ

ಇದು ನಾನು ಎಲ್ಲರಿಗೂ ಹೇಳುವ ಪರೀಕ್ಷೆ. ಪಟ್ಟಿಯನ್ನು ದೂರದ ಪ್ರಕಾರ ಜೋಡಿಸಿ, ಮೇಲಿನ ಕೆಲವು ಸಾಲು ಮಾತ್ರ ನೋಡಿ. ಅನ್ನ ಬೆಂದಿದೆಯಾ ಅಂತ ಅಗುಳು ಹಿಸುಕಿ ನೋಡುವ ಹಾಗೆ, ಆ ನಾಲ್ಕು ಸಾಲಿನಲ್ಲಿ ದೋಷದ ಜಾತಿ ಗೊತ್ತಾಗುತ್ತದೆ.

ಸೊನ್ನೆ ಬಂದಿದ್ದರೆ, ಒಂದು ಪರಮಾಣುವನ್ನು ಅದರ ಜೊತೆಗೇ ಅಳೆದಿದ್ದೀರಿ, ಇಲ್ಲವೇ ಒಂದೇ ಅಣುವಿನ ಎರಡು ಪ್ರತಿಗಳು ಒಂದರ ಮೇಲೊಂದು ಕೂತಿವೆ. ಸೊನ್ನೆಯಲ್ಲ, ಆದರೆ 1ಕ್ಕಿಂತ ಕಡಿಮೆ ಇದ್ದರೆ, ಒಂದೇ ಪಾರ್ಶ್ವ ಸರಪಳಿಯ (ಮುಖ್ಯ ಸರಪಳಿಯಿಂದ ಪಕ್ಕಕ್ಕೆ ಚಾಚಿರುವ ಭಾಗ) ಎರಡು ಪರ್ಯಾಯ ಭಂಗಿಗಳು ಒಟ್ಟಿಗೆ ಲೆಕ್ಕಕ್ಕೆ ಬಂದಿವೆ. 1.0 ರಿಂದ 1.1 ಆಸುಪಾಸಿನ ಸಂಖ್ಯೆ ಕಂಡರೆ ಹೈಡ್ರೋಜನ್ ಇದೆ, ಅದನ್ನು ಅದು ಕೂತಿರುವ ಪರಮಾಣುವಿನ ಜೊತೆಗೇ ಅಳೆದಿದ್ದೀರಿ. 1.33 ಅಂದರೆ ಪೆಪ್ಟೈಡ್ ಬಂಧ, ಪಕ್ಕಪಕ್ಕದ ರೆಸಿಡ್ಯೂಗಳನ್ನು ನೀವು ಬಿಟ್ಟಿಲ್ಲ ಅಂತ ಅರ್ಥ. 2.2ರಿಂದ 2.5ರ ಗುಂಪು ಬಂದರೂ ಸಾಧಾರಣವಾಗಿ ಅದೇ ಪಕ್ಕದವರ ಕಥೆ. 2.05 ಡೈಸಲ್ಫೈಡ್. ಸತು, ಕಬ್ಬಿಣದಂಥ ಲೋಹ ಇದ್ದರೆ 2ರಿಂದ 2.3ರಲ್ಲಿ ಕಾಣುತ್ತದೆ, ಅದು ಸರಿಯೇ.

ಇದೆಲ್ಲ ಕಳೆದ ಮೇಲೆ 2.6ರಿಂದ 3.3ರ ವರೆಗೆ ಹೈಡ್ರೋಜನ್ ಬಂಧಗಳು ಮತ್ತು ಉಪ್ಪು ಸೇತುವೆಗಳು (ಧನ, ಋಣ ವಿದ್ಯುದಂಶದ ಗುಂಪುಗಳ ಹಿಡಿತ) ಬರಬೇಕು. 3.4ರಿಂದ ಮೇಲೆ ಇಂಗಾಲ-ಇಂಗಾಲದ ಮಾಮೂಲಿ ತಾಗುವಿಕೆ. ಇಂಗಾಲದ ವ್ಯಾನ್ ಡರ್ ವಾಲ್ಸ್ ತ್ರಿಜ್ಯ 1.7 ಆಂಗ್‌ಸ್ಟ್ರಾಂ, ಎರಡು ಸೇರಿದರೆ 3.4. ಬಂಧವಿಲ್ಲದ ಎರಡು ಇಂಗಾಲಗಳು 2.8ರಲ್ಲಿ ಕೂತಿದ್ದರೆ ಅದು ನಿಮ್ಮ ಸ್ಕ್ರಿಪ್ಟಿನ ತಪ್ಪಲ್ಲದಿರಬಹುದು, ರಚನೆಯಲ್ಲೇ ಇಕ್ಕಟ್ಟು ಇರಬಹುದು. ರಚನೆಯ ಗುಣಮಟ್ಟ ಪರೀಕ್ಷಿಸುವ ಮಾಲ್‌ಪ್ರೊಬಿಟಿಯಲ್ಲಿ ಹಾಕಿ ನೋಡಿ.

ಮುಖ್ಯವಾದ ಸಂಪರ್ಕವೇ ಕಾಣೆಯಾದರೆ: ಹಲಸಿನ ಬೀಜದ ಉದಾಹರಣೆ

ನಮ್ಮ ಕಡೆ ಮಳೆಗಾಲಕ್ಕೆ ಅಂತ ಮಣ್ಣು ಮೆತ್ತಿ ತೆಗೆದಿಡುವ ಹಲಸಿನ ಬೀಜದಲ್ಲಿ ಜಾಕಲಿನ್ ಅಂತ ಒಂದು ಪ್ರೊಟೀನ್ ಇದೆ. ಸಕ್ಕರೆಯನ್ನು ಹಿಡಿಯುವ ಲೆಕ್ಟಿನ್ ಜಾತಿಯದು. ಇದರ ರಚನೆಯನ್ನು ಬಿಡಿಸಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ. ವಿಜಯನ್ ಅವರ ತಂಡ. 1996ರಲ್ಲಿ ಪ್ರಕಟವಾಯಿತು. ಫೈಲಿನ ಹೆಸರು 1ಜೆಎಸಿ. ಕರಾವಳಿಯಲ್ಲಿ ಪ್ರೊಟೀನ್ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಅಭ್ಯಾಸದ ಫೈಲ್ ಇಲ್ಲ ಅಂತ ನನ್ನ ಅಭಿಪ್ರಾಯ. ಹಲಸು ನಮ್ಮದು ಅಂತ ಮಾತ್ರ ಅಲ್ಲ, ಸಂಪರ್ಕ ಲೆಕ್ಕದ ಎಷ್ಟೋ ಗುಂಡಿಗಳು ಈ ಒಂದೇ ಫೈಲಿನಲ್ಲಿ ಸಿಗುತ್ತವೆ.

ಜಾಕಲಿನ್‌ನಲ್ಲಿ ನಾಲ್ಕು ಘಟಕಗಳು. ಒಂದೊಂದು ಘಟಕದಲ್ಲೂ ಎರಡು ಚೈನ್. ದೊಡ್ಡದು ಆಲ್ಫಾ, 133 ರೆಸಿಡ್ಯೂ. ಚಿಕ್ಕದು ಬೀಟಾ, 20 ರೆಸಿಡ್ಯೂ. ಗಿಡದಲ್ಲಿ ತಯಾರಾಗುವಾಗ ಇವೆರಡೂ ಒಂದೇ ಉದ್ದ ಸರಪಳಿಯಾಗಿರುತ್ತವೆ: ಮೊದಲು ಬೀಟಾ, ನಡುವೆ ನಾಲ್ಕು ರೆಸಿಡ್ಯೂಗಳ ಕೊಂಡಿ, ಆಮೇಲೆ ಆಲ್ಫಾ. ಕೊಂಡಿ ಕತ್ತರಿಸಿ ಹೋದ ಮೇಲೆ ಆಲ್ಫಾ ಚೈನಿನ ಮೊದಲ ರೆಸಿಡ್ಯೂ ಗ್ಲೈಸಿನ್ 1, ಅದರ ಅಮೈನೋ ತುದಿ ಬಿಡುಗಡೆಯಾಗುತ್ತದೆ. ಆ ತುದಿಯೇ ಗ್ಯಾಲಕ್ಟೋಸ್ ಸಕ್ಕರೆಯನ್ನು ಹಿಡಿಯುವ ಜಾಗದಲ್ಲಿ ಕೂತಿದೆ. ಜೊತೆಗೆ ಟೈರೊಸಿನ್ 122, ಟ್ರಿಪ್ಟೊಫಾನ್ 123, ಆಸ್ಪಾರ್ಟೇಟ್ 125. ಜಾಕಲಿನ್‌ನ ಇಡೀ ಕೆಲಸಕ್ಕೆ ಈ ಸಂಪರ್ಕಗಳೇ ಆಧಾರ.

ಈಗ ದೋಷ. ಒಬ್ಬ ಹುಡುಗಿ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದಳು.

"ಮೇಡಂ, ಪ್ರೋಗ್ರಾಂ ಸರಿ ಓಡ್ತದೆ. ಆದ್ರೆ ಗ್ಲೈಸಿನ್ ಒಂದು ಸಕ್ಕರೆಗೆ ತಾಗುದೇ ಇಲ್ಲ."

"ಗ್ಲೈಸಿನ್ ಪಟ್ಟಿಯಲ್ಲಿ ಎಲ್ಲಿಯಾದ್ರೂ ಉಂಟಾ?"

ನೋಡಿದಳು. ಗ್ಲೈಸಿನ್ 1 ಮಾತ್ರ ಅಲ್ಲ, ಇಡೀ ಪ್ರೊಟೀನಿನ ಒಂದು ಗ್ಲೈಸಿನ್ನೂ ಪಟ್ಟಿಯಲ್ಲಿ ಇರಲಿಲ್ಲ.

ಕಾರಣ ಸರಳ. ಅವಳ ಸ್ಕ್ರಿಪ್ಟ್ ರೆಸಿಡ್ಯೂಗಳ ನಡುವಿನ ದೂರವನ್ನು ಸಿ-ಬೀಟಾ, ಅಂದರೆ ಪಾರ್ಶ್ವ ಸರಪಳಿಯ ಮೊದಲ ಇಂಗಾಲದ ಪರಮಾಣುವಿನಿಂದ ಅಳೆಯುತ್ತಿತ್ತು. ಸಿ-ಬೀಟಾ ದೂರ 8 ಆಂಗ್‌ಸ್ಟ್ರಾಂಗಿಂತ ಕಡಿಮೆ ಇದ್ದರೆ ಸಂಪರ್ಕ ಅನ್ನುವುದು ರಚನೆ ಊಹಿಸುವವರಲ್ಲಿ ಒಪ್ಪಿತವಾದ ವಿಧಾನ. ಆದರೆ ಗ್ಲೈಸಿನ್‌ಗೆ ಪಾರ್ಶ್ವ ಸರಪಳಿಯೇ ಇಲ್ಲ, ಹಾಗಾಗಿ ಸಿ-ಬೀಟಾ ಇಲ್ಲ. ಅದಕ್ಕೆ ಸಿ-ಆಲ್ಫಾ (ಪಾರ್ಶ್ವ ಸರಪಳಿ ಹೊರಡುವ, ಮುಖ್ಯ ಸರಪಳಿಯ ಇಂಗಾಲ) ತೆಗೆದುಕೊಳ್ಳಬೇಕು ಅಂತ ಬೇರೆಯಾಗಿ ಬರೆಯಬೇಕು. ಬರೆಯದಿದ್ದರೆ ಸ್ಕ್ರಿಪ್ಟ್ ಗ್ಲೈಸಿನ್ ಬಂದಲ್ಲೆಲ್ಲ ಸುಮ್ನೆ ದಾಟಿ ಹೋಗುತ್ತದೆ.

ಅದನ್ನು ಸರಿ ಮಾಡಿದೆವು. ಗ್ಲೈಸಿನ್‌ಗಳು ಬಂದವು, ಆದರೆ ಸಕ್ಕರೆ ಮಾತ್ರ ಇನ್ನೂ ಬರಲಿಲ್ಲ. ಇದು ಎರಡನೇ ಪದರ. ಫೈಲಿನಲ್ಲಿ ಅಮೈನೋ ಆಮ್ಲದ ಪರಮಾಣುಗಳ ಸಾಲು 'ಆಟಮ್' ಅಂತ ಶುರುವಾಗುತ್ತದೆ. ಸಕ್ಕರೆ, ಹೀಮ್, ಲೋಹ, ನೀರು ಇವುಗಳ ಸಾಲು 'ಹೆಟ್‌ಆಟಮ್' ಅಂತ ಶುರುವಾಗುತ್ತದೆ. ಅವಳು 'ಆಟಮ್' ಸಾಲು ಮಾತ್ರ ಓದಿದ್ದಳು. ಮೂರನೆಯದೂ ಒಂದು ಇದೆ. ಸಕ್ಕರೆಗೂ ಸಿ-ಬೀಟಾ ಇಲ್ಲ! ಹಾಗಾಗಿ ಸಿ-ಬೀಟಾ ವಿಧಾನದಲ್ಲಿ ಎಷ್ಟು ತಿದ್ದಿದರೂ ಈ ಸಂಪರ್ಕ ಸಿಗುವುದಿಲ್ಲ. ಇಲ್ಲಿ ಬೇಕಾದದ್ದು ಬೇರೆಯೇ ವಿಧಾನ: ಹೈಡ್ರೋಜನ್ ಬಿಟ್ಟು ಉಳಿದ ಎಲ್ಲಾ ಪರಮಾಣುಗಳನ್ನು ತೆಗೆದುಕೊಂಡು, ಎರಡು ರೆಸಿಡ್ಯೂಗಳ ನಡುವಿನ ಅತಿ ಹತ್ತಿರದ ಜೋಡಿಯನ್ನು ಅಳೆಯುವುದು. ಮಿತಿ 4.5 ಆಂಗ್‌ಸ್ಟ್ರಾಂ. ಹಾಗೆ ಮಾಡಿದಾಗ ಗ್ಲೈಸಿನ್ 1ರ ಸಾರಜನಕ ಸಕ್ಕರೆಯ ಆಮ್ಲಜನಕಕ್ಕೆ ಹೈಡ್ರೋಜನ್ ಬಂಧದ ದೂರದಲ್ಲೇ ಸಿಕ್ಕಿತು.

'ಹೆಟ್‌ಆಟಮ್' ಬಾಗಿಲು ತೆರೆದರೆ ನೀರೂ ಒಳಗೆ ಬರುತ್ತದೆ ಎನ್ನುವುದು ನೆನಪಿರಲಿ. ನೀರನ್ನು ಹೆಸರಿನಿಂದಲೇ ತೆಗೆಯಿರಿ, ಇಲ್ಲವೇ ಬೇರೆ ಪಟ್ಟಿಯಲ್ಲಿ ಇಡಿ. ಇನ್ನೊಂದು, ಸೆಲೆನೋಮೆಥಿಯೋನಿನ್ (ಗಂಧಕದ ಬದಲು ಸೆಲೆನಿಯಂ ಇರುವ ಮೆಥಿಯೋನಿನ್) ಕೂಡ 'ಹೆಟ್‌ಆಟಮ್' ಸಾಲಿನಲ್ಲೇ ಇರುತ್ತದೆ. ಅದು ಚೈನಿನ ಮಧ್ಯದ ರೆಸಿಡ್ಯೂ. ಬಿಟ್ಟರೆ ಪ್ರೊಟೀನಿನ ಹೊಟ್ಟೆಯಲ್ಲೇ ತೂತು ಬಿದ್ದ ಹಾಗೆ ಕಾಣುತ್ತದೆ. ಬಯೋಪೈಥಾನ್‌ನಲ್ಲಿ 'ಸ್ಟ್ಯಾಂಡರ್ಡ್ ಅಮೈನೋ ಆಮ್ಲ ಮಾತ್ರ' ಎಂಬ ಆಯ್ಕೆ ಹಾಕಿದಾಗ ಆಗುವುದೂ ಇದೇ.

ಯಾವ ವಿಧಾನ ಮೇಲು ಅಂತ ಕೇಳುತ್ತಾರೆ. ಮಡಿಕೆಯ ಒಟ್ಟು ರೂಪ ನೋಡಲು, ನೂರಾರು ರಚನೆ ಹೋಲಿಸಲು ಸಿ-ಬೀಟಾ 8 ಆಂಗ್‌ಸ್ಟ್ರಾಂ ಸಾಕು. ಯಾವ ರೆಸಿಡ್ಯೂ ಏನು ಹಿಡಿದಿದೆ ಅಂತ ಹೇಳಬೇಕಾದರೆ ಪರಮಾಣು ಮಟ್ಟಕ್ಕೇ ಹೋಗಬೇಕು. ಆರ್ಜಿನಿನ್, ಲೈಸಿನ್ ಕೈ ಉದ್ದ. ತುದಿಗಳು ಉಪ್ಪು ಸೇತುವೆ ಮಾಡಿಕೊಂಡಿದ್ದರೂ ಸಿ-ಆಲ್ಫಾಗಳು 10 ಆಂಗ್‌ಸ್ಟ್ರಾಂಗಿಂತ ದೂರ ಇರಬಹುದು. ಉಲ್ಟಾ ಕೂಡ ಆಗುತ್ತದೆ. ಸಿ-ಆಲ್ಫಾ ಹತ್ತಿರ ಇದ್ದು, ಪಾರ್ಶ್ವ ಸರಪಳಿಗಳು ಒಂದಕ್ಕೊಂದು ಬೆನ್ನು ಹಾಕಿರಬಹುದು.

ಅದೇ ಫೈಲ್, ಇನ್ನೆರಡು ದೋಷ

ಜಾಕಲಿನ್ ಫೈಲಿನಲ್ಲಿ ಎಂಟು ಚೈನ್‌ಗಳಿಗೆ ಎಂಟು ಅಕ್ಷರ. ಘಟಕಗಳ ನಡುವಿನ ಸಂಪರ್ಕ ಹುಡುಕಲು ಹೆಚ್ಚಿನವರು ಬರೆಯುವ ನಿಯಮ ಏನು? ಚೈನ್ ಅಕ್ಷರ ಬೇರೆ ಬೇರೆ ಇದ್ದರೆ ಅದು ಘಟಕಗಳ ನಡುವಿನ ಸಂಪರ್ಕ. ಈ ನಿಯಮ ಇಲ್ಲಿ ಕೆಡುತ್ತದೆ. ಬೀಟಾ ಚೈನ್ ತನ್ನದೇ ಘಟಕದ ಆಲ್ಫಾ ಚೈನಿನ ಹಾಳೆಯೊಳಗೆ ಒಂದು ಎಳೆಯಾಗಿ ಹೊಂದಿಕೊಂಡಿದೆ. ಅವೆರಡೂ ಸೇರಿ ಒಂದೇ ಮಡಿಕೆ. ಅಕ್ಷರ ಬೇರೆ ಅಂತ ಅವನ್ನೂ ಎಣಿಸಿದರೆ, ಒಳಗಿನ ಸಂಪರ್ಕವೆಲ್ಲ ಗಡಿಯ ಸಂಪರ್ಕವಾಗಿ ಬರುತ್ತದೆ. ಘಟಕಗಳು ಭಯಂಕರ ಬಿಗಿಯಾಗಿ ಅಂಟಿಕೊಂಡಿವೆ ಅಂತ ಬರೆದುಬಿಡುತ್ತೇವೆ. ರಚನೆಯನ್ನು ಚಿತ್ರವಾಗಿ ತೋರಿಸುವ ಪೈಮಾಲ್‌ನಲ್ಲಿ ತೆರೆದು, ಯಾವ ಬೀಟಾ ಯಾವ ಆಲ್ಫಾದ ಜೊತೆ ಅಂತ ಕಣ್ಣಾರೆ ನೋಡಿ, ಜೋಡಿಗಳಿಗೆ ಒಂದೊಂದು ಘಟಕ ಸಂಖ್ಯೆ ಕೊಡಿ. ಆಮೇಲೆ ಚೈನ್ ಅಕ್ಷರದ ಬದಲು ಆ ಸಂಖ್ಯೆಯನ್ನು ಹೋಲಿಸಿ.

ಎರಡನೆಯದು ಇನ್ನೂ ಸೂಕ್ಷ್ಮ. ಪಕ್ಕಪಕ್ಕದ ರೆಸಿಡ್ಯೂಗಳು ಹೇಗೂ ತಾಗಿಯೇ ಇರುತ್ತವೆ. ಹಾಗಾಗಿ ನಂಬರಿನ ವ್ಯತ್ಯಾಸ 4ಕ್ಕಿಂತ ಕಡಿಮೆ ಇದ್ದರೆ ಬಿಡು ಅಂತ ಎಲ್ಲರೂ ಬರೆಯುತ್ತಾರೆ. ಒಂದೇ ಚೈನಿನಲ್ಲಿ ಇದು ಸರಿ. ಆಲ್ಫಾ ಹೆಲಿಕ್ಸ್ ಎಂಬ ಸುರುಳಿಯ ಒಂದು ಸುತ್ತಿಗೆ 3.6 ರೆಸಿಡ್ಯೂ ಆದ್ದರಿಂದ ಆ ಸಂಖ್ಯೆಗೂ ಅರ್ಥ ಇದೆ. ಆದರೆ ಚೈನ್ ಯಾವುದು ಅಂತ ನೋಡದೆ ಈ ನಿಯಮ ಹಾಕಿದರೆ, ಒಂದು ಚೈನಿನ 9ನೇ ರೆಸಿಡ್ಯೂ ಇನ್ನೊಂದು ಚೈನಿನ 10ಕ್ಕೆ ತಾಗಿದ್ದರೆ ಅದೂ ಹಾರಿಹೋಗುತ್ತದೆ. ಒಂದೇ ಚೈನಿನ ಎರಡು ಪ್ರತಿಗಳು ಎದುರುಬದುರು ಕೂರುವ ಪ್ರೊಟೀನುಗಳಲ್ಲಿ ನಷ್ಟ ಜಾಸ್ತಿ. ಅಲ್ಲಿ ನಟ್ಟನಡುವೆ ಅದೇ ನಂಬರಿನ ರೆಸಿಡ್ಯೂ ಅದೇ ನಂಬರಿಗೆ ತಾಗಿರುವುದು ಮಾಮೂಲು. ಗಡಿಯ ಮಧ್ಯಭಾಗವೇ ಪಟ್ಟಿಯಿಂದ ಕಾಣೆಯಾಗಿ, ಅಂಚು ಮಾತ್ರ ಉಳಿಯುತ್ತದೆ. ನಿಯಮಕ್ಕೆ 'ಚೈನ್ ಒಂದೇ ಆಗಿದ್ದರೆ ಮಾತ್ರ' ಎಂಬ ಮಾತು ಸೇರಿಸಿ.

ಗಡಿಯೇ ಮಾಯವಾದರೆ

ಹಿಮೋಗ್ಲೋಬಿನ್ ಎಲ್ಲರೂ ಮಾಡುವ ಪ್ರಾಜೆಕ್ಟ್. ಆಮ್ಲಜನಕ ಇಲ್ಲದ ರೂಪಕ್ಕೆ 2ಎಚ್‌ಎಚ್‌ಬಿ, ಆಮ್ಲಜನಕ ಹಿಡಿದ ರೂಪಕ್ಕೆ 1ಎಚ್‌ಎಚ್‌ಒ. ಎರಡನ್ನೂ ಇಳಿಸಿ, ಸಂಪರ್ಕ ಎಣಿಸಿ, ಹೋಲಿಸುತ್ತಾರೆ. ಮೊದಲನೆಯದರಲ್ಲಿ ಆಲ್ಫಾ ಒಂದು ಮತ್ತು ಬೀಟಾ ಎರಡರ ನಡುವಿನ ಗಡಿ ಚೆನ್ನಾಗಿ ಕಾಣುತ್ತದೆ. ಎರಡನೆಯದರಲ್ಲಿ ಆ ಗಡಿಯ ಒಂದು ಸಂಪರ್ಕವೂ ಇಲ್ಲ. ಆಮ್ಲಜನಕ ಬಂದ ಕೂಡಲೇ ಗಡಿ ಪೂರ್ತಿ ಕಳಚಿಕೊಂಡಿತು ಅಂತ ವರದಿಯಲ್ಲಿ ಬರೆಯಲು ಕೈ ತುರಿಸುತ್ತದೆ.

ಅದು ನಿಜವಲ್ಲ. 2ಎಚ್‌ಎಚ್‌ಬಿ ಫೈಲಿನಲ್ಲಿ ನಾಲ್ಕೂ ಚೈನ್ ಇವೆ. 1ಎಚ್‌ಎಚ್‌ಒ ಫೈಲಿನಲ್ಲಿ ಎರಡೇ ಚೈನ್, ಒಂದು ಆಲ್ಫಾ, ಒಂದು ಬೀಟಾ. ಇಂಥ ರಚನೆಗಳನ್ನು ಪ್ರೊಟೀನಿನ ಹರಳಿನ ಮೇಲೆ ಎಕ್ಸ್-ರೇ ಹಾಯಿಸಿ ಕಂಡುಕೊಳ್ಳುತ್ತಾರೆ. ಹರಳಿನ ಸಮಮಿತಿಯಿಂದ ಉಳಿದರ್ಧ ಸಿಗುವುದರಿಂದ ಅದನ್ನು ಫೈಲಿನಲ್ಲಿ ಬರೆದಿಲ್ಲ. ಅಂದರೆ ಆ ಗಡಿಯ ಆಚೆ ಬದಿಯೇ ನಿಮ್ಮ ಲೆಕ್ಕಕ್ಕೆ ಬಂದಿಲ್ಲ. ಇಡೀ ಅಣು ಇರುವ 'ಬಯಲಾಜಿಕಲ್ ಅಸೆಂಬ್ಲಿ' ಎಂಬ ಫೈಲನ್ನು ಇಳಿಸಿಕೊಳ್ಳಿ, ಇಲ್ಲವೇ ಫೈಲಿನ 'ರಿಮಾರ್ಕ್ 350' ಸಾಲುಗಳಲ್ಲಿರುವ ಸೂತ್ರದಿಂದ ಉಳಿದರ್ಧವನ್ನು ಕಟ್ಟಿಕೊಳ್ಳಿ. ಆಗ ನಿಜವಾದ ಹೋಲಿಕೆ ಸಾಧ್ಯ, ಮತ್ತು ಅದು ಬಹಳ ಚಂದ. ಗಡಿ ಉಳಿದಿರುತ್ತದೆ, ಆದರೆ ಜಾರಿಕೊಂಡಿರುತ್ತದೆ. ಆಮ್ಲಜನಕ ಇಲ್ಲದಾಗ ಬೀಟಾದ ಹಿಸ್ಟಿಡಿನ್ 146 ಅದೇ ಚೈನಿನ ಆಸ್ಪಾರ್ಟೇಟ್ 94ನ್ನು ಹಿಡಿದಿರುತ್ತದೆ. ಆ ಚೈನಿನ ತುದಿಯ ಕಾರ್ಬಾಕ್ಸಿಲ್ ಆಚೆ ಜೋಡಿಯ ಆಲ್ಫಾದ ಲೈಸಿನ್ 40ನ್ನು ಹಿಡಿದಿರುತ್ತದೆ. ಆಮ್ಲಜನಕ ಬಂದಾಗ ಈ ಹಿಡಿತಗಳು ಬಿಡುತ್ತವೆ. ಹಿಮೋಗ್ಲೋಬಿನ್ ರಚನೆ ಬಿಡಿಸಿದ ವಿಜ್ಞಾನಿ ಮ್ಯಾಕ್ಸ್ ಪೆರುಟ್ಸ್ ವರ್ಷಗಟ್ಟಲೆ ಬೆನ್ನು ಹತ್ತಿದ ವಿಷಯ ಇದು. ನಿಮ್ಮ ಪಟ್ಟಿ ಅದನ್ನು ತೋರಿಸಬೇಕು. ತೋರಿಸದಿದ್ದರೆ ಮತ್ತೆ ಹುಡುಕಿ.

ಹೊಸ ಅಸೆಂಬ್ಲಿ ಫೈಲಿನಲ್ಲಿ ಸಾಲುಗಳು 'ಮಾಡೆಲ್ 1', 'ಮಾಡೆಲ್ 2' ಅಂತ ಬಂದಿರಬಹುದು, ಚೈನ್ ಅಕ್ಷರ ಎರಡರಲ್ಲೂ ಒಂದೇ. ಮೊದಲ ಮಾಡೆಲ್ ಮಾತ್ರ ಓದುವ ಸ್ಕ್ರಿಪ್ಟ್ ಇಲ್ಲೂ ಅರ್ಧ ಬಿಡುತ್ತದೆ. ಎನ್‌ಎಂಆರ್ (ಹರಳಿನ ಬದಲು ಸಾಮಾನ್ಯವಾಗಿ ದ್ರಾವಣದಲ್ಲೇ ರಚನೆ ತಿಳಿಯುವ ವಿಧಾನ) ಫೈಲಿನಲ್ಲಿ ಇದರ ಉಲ್ಟಾ. ಅಲ್ಲಿ ಒಂದೊಂದು ಮಾಡೆಲ್ ಒಂದೇ ಅಣುವಿನ ಬೇರೆ ಬೇರೆ ಚಿತ್ರ. ಯುಬಿಕ್ವಿಟಿನ್ ಎಂಬ ಪ್ರೊಟೀನಿನ 1ಡಿ3ಝಡ್ ಫೈಲಿನಲ್ಲಿ ಇಂಥ 10 ಮಾಡೆಲ್ ಇವೆ. ಎಲ್ಲ ಒಟ್ಟಿಗೆ ಓದಿದರೆ 76 ರೆಸಿಡ್ಯೂಗಳ ಹತ್ತು ಪ್ರತಿ ಒಂದರ ಮೇಲೊಂದು ಬಿದ್ದು, ಸಂಪರ್ಕದ ಸಂಖ್ಯೆ ಆಕಾಶಕ್ಕೆ ಏರುತ್ತದೆ. ಎನ್‌ಎಂಆರ್ ಫೈಲಿನಲ್ಲಿ ಹೈಡ್ರೋಜನ್ನೂ ಇರುತ್ತದೆ, ಮಾಮೂಲಿ ಎಕ್ಸ್-ರೇ ಫೈಲಿನಲ್ಲಿ ಇರುವುದಿಲ್ಲ. ಯುಬಿಕ್ವಿಟಿನ್‌ನ ಎಕ್ಸ್-ರೇ ಫೈಲ್ 1ಯುಬಿಕ್ಯೂ ಜೊತೆ ಹೋಲಿಸುವ ಮೊದಲು ಹೈಡ್ರೋಜನ್ ತೆಗೆದುಹಾಕಿ.

ಹರಳಿನಲ್ಲಿ ಪಕ್ಕದ ಅಣು ತಾಗಿದ್ದೆಲ್ಲ ಜೀವಕೋಶದಲ್ಲೂ ತಾಗುತ್ತದೆ ಅಂತ ಅಲ್ಲ. ಅನುಮಾನ ಇದ್ದರೆ, ಇಂಥ ಗಡಿಗಳನ್ನು ಪರಿಶೀಲಿಸುವ ಪಿಸಾ ಸರ್ವರಿನ ಅಭಿಪ್ರಾಯ ಕೇಳಿ.

ನಂಬರ್ ಹೊಂದದಿದ್ದರೆ

ಪೇಪರಿನಲ್ಲಿ ಒಂದು ನಂಬರ್, ನಿಮ್ಮ ಪಟ್ಟಿಯಲ್ಲಿ ಇನ್ನೊಂದು. ಪೂರ್ತಿ ಪಟ್ಟಿ ಒಂದೇ ಅಂಕಿಯಷ್ಟು ಸರಿದಿದ್ದರೆ ಗಾಬರಿ ಬೇಡ. ಸಿಕಲ್ ಸೆಲ್ ಕಾಯಿಲೆಯಲ್ಲಿ ಬದಲಾಗುವ ಬೀಟಾ ಚೈನಿನ ಗ್ಲುಟಮೇಟ್ ರಚನೆಯ ಫೈಲಿನಲ್ಲಿ 6. ಪ್ರೊಟೀನ್ ಸರಣಿಗಳ ಸಂಗ್ರಹವಾದ ಯುನಿಪ್ರಾಟ್‌ನಲ್ಲಿ 7. ಮೊದಲ ಮೆಥಿಯೋನಿನ್ ಕತ್ತರಿಸಿ ಹೋಗುತ್ತದೆ. ಹಳೆಯ ಎಣಿಕೆ ಅದನ್ನು ಬಿಟ್ಟಿದೆ, ಯುನಿಪ್ರಾಟ್ ಸೇರಿಸಿಕೊಂಡಿದೆ.

ಒಂದು ಜಾಗದಿಂದ ಆಚೆ ಮಾತ್ರ ಸರಿದಿದ್ದರೆ ಅಲ್ಲಿ ರೆಸಿಡ್ಯೂಗಳು ಕಾಣೆಯಾಗಿವೆ, ಮತ್ತು ನೀವು ಫೈಲಿನ ನಂಬರ್ ಬಿಟ್ಟು ನೀವೇ 1, 2, 3 ಅಂತ ಎಣಿಸಿದ್ದೀರಿ. ಹರಳಿನಲ್ಲಿ ಕಾಣದ ರೆಸಿಡ್ಯೂಗಳ ಹೆಸರು 'ರಿಮಾರ್ಕ್ 465'ರಲ್ಲಿ ಇರುತ್ತದೆ. ಅರ್ಧ ಕಂಡ ರೆಸಿಡ್ಯೂಗಳ ಕಾಣದ ಪರಮಾಣುಗಳು 'ರಿಮಾರ್ಕ್ 470'ರಲ್ಲಿ. ಪಾರ್ಶ್ವ ಸರಪಳಿಯೇ ಬರೆದಿಲ್ಲದ ಲೈಸಿನ್‌ಗೆ ಸಂಪರ್ಕ ಇಲ್ಲ ಅಂತ ತೀರ್ಮಾನ ಮಾಡಬೇಡಿ.

ಆ್ಯಂಟಿಬಾಡಿ ಫೈಲುಗಳಲ್ಲಿ 82, 82ಎ, 82ಬಿ, 82ಸಿ ಅಂತ ಬರುತ್ತದೆ. ಇವು ನಾಲ್ಕು ಬೇರೆ ಬೇರೆ ರೆಸಿಡ್ಯೂಗಳು. ನಂಬರ್ ಮಾತ್ರ ಕೀಲಿಯಾಗಿ ಇಟ್ಟುಕೊಂಡ ಸ್ಕ್ರಿಪ್ಟಿನಲ್ಲಿ ನಾಲ್ಕೂ ಒಂದಾಗಿ, ಒಂದು ದೈತ್ಯ ರೆಸಿಡ್ಯೂ ಹುಟ್ಟಿಕೊಳ್ಳುತ್ತದೆ. ಎಂಎಂಸಿಫ್ (ಪಿಡಿಬಿ ಫೈಲಿನ ನಂತರ ಬಂದ ಹೊಸ ಮಾದರಿ) ಫೈಲಿನಲ್ಲಿ ಇನ್ನೊಂದು ರಗಳೆ. ಪ್ರತಿ ರೆಸಿಡ್ಯೂಗೂ ಎರಡು ನಂಬರ್, ಎರಡು ಚೈನ್ ಅಕ್ಷರ, ಒಂದು ಲೇಖಕರದ್ದು, ಇನ್ನೊಂದು ಬ್ಯಾಂಕಿನದ್ದು. ಬ್ಯಾಂಕಿನ ಎಣಿಕೆಯಲ್ಲಿ ಸಕ್ಕರೆಗೆ ಬೇರೆಯೇ ಚೈನ್ ಅಕ್ಷರ ಸಿಗುತ್ತದೆ. ಬಯೋಪೈಥಾನ್ ತಾನಾಗಿ ಲೇಖಕರ ಎಣಿಕೆಯನ್ನೇ ಕೊಡುತ್ತದೆ, ಬೇರೆ ಸಾಫ್ಟ್‌ವೇರ್ ಹಾಗೇ ಮಾಡಬೇಕೆಂದಿಲ್ಲ. ಎರಡು ಪಟ್ಟಿ ಹೊಂದದಿದ್ದರೆ ಇದನ್ನೇ ಮೊದಲು ನೋಡಿ.

ಫೈಲ್ ಓದುವಾಗಲೇ ಕೆಟ್ಟರೆ

ಹಳೆಯ ಪಿಡಿಬಿ ಫೈಲಿನ ಸಾಲಿನಲ್ಲಿ ಪ್ರತಿ ಅಕ್ಷರಕ್ಕೂ ಅದರದ್ದೇ ಜಾಗ. 17ನೇ ಜಾಗದಲ್ಲಿ ಪರ್ಯಾಯ ಭಂಗಿಯ ಅಕ್ಷರ, 18ರಿಂದ 20 ರೆಸಿಡ್ಯೂ ಹೆಸರು, 22 ಚೈನ್, 23ರಿಂದ 26 ನಂಬರ್, 31ರಿಂದ 54 ಸ್ಥಾನದ ಮೂರು ಸಂಖ್ಯೆಗಳು. ನಡುವೆ ಖಾಲಿ ಜಾಗ ಇರಲೇಬೇಕೆಂದಿಲ್ಲ. ಖಾಲಿ ಜಾಗದಲ್ಲಿ ತುಂಡು ಮಾಡುವ ಸ್ಕ್ರಿಪ್ಟ್ ಬರೆದವರಿಗೆ ಇಲ್ಲಿ ಪೆಟ್ಟು. ವ್ಯಾಲೀನ್‌ನ ಹಿಂದೆ ಪರ್ಯಾಯ ಭಂಗಿಯ 'ಎ' ಅಂಟಿಕೊಂಡು ನಾಲ್ಕಕ್ಷರದ ಹೊಸ ಹೆಸರಾಗುತ್ತದೆ. ರೆಸಿಡ್ಯೂ ನಂಬರ್ 1000 ಮುಟ್ಟಿದರೆ ಚೈನ್ ಅಕ್ಷರಕ್ಕೆ ಅಂಟುತ್ತದೆ. ಸ್ಥಾನದ ಸಂಖ್ಯೆ ಮೈನಸ್ 100 ದಾಟಿದರೆ ಅದರ ಹಿಂದಿನ ಸಂಖ್ಯೆಗೆ ಅಂಟುತ್ತದೆ. ಜಾಗದ ಲೆಕ್ಕದಲ್ಲೇ ಕತ್ತರಿಸಿ. ಇನ್ನೂ ಒಳ್ಳೆಯದು, ತಯಾರಾಗಿರುವ ಲೈಬ್ರರಿ ಬಳಸಿ.

ಕ್ಯಾಲ್ಸಿಯಂ ಇರುವ ಪ್ರೊಟೀನಿನಲ್ಲಿ ಇನ್ನೊಂದು ಎಚ್ಚರಿಕೆ. ಸಿ-ಆಲ್ಫಾ ಮತ್ತು ಕ್ಯಾಲ್ಸಿಯಂ ಎರಡಕ್ಕೂ ಪರಮಾಣುವಿನ ಹೆಸರು 'ಸಿಎ'. ಒಂದು ಜಾಗ ಆಚೀಚೆ ಇರುವುದಷ್ಟೇ ವ್ಯತ್ಯಾಸ. ಖಾಲಿ ಜಾಗ ಅಳಿಸಿದರೆ ಕ್ಯಾಲ್ಮೊಡ್ಯುಲಿನ್‌ನ ನಾಲ್ಕು ಕ್ಯಾಲ್ಸಿಯಂಗಳೂ ರೆಸಿಡ್ಯೂಗಳಾಗಿ ಪಟ್ಟಿಗೆ ಸೇರುತ್ತವೆ. ಧಾತುವಿನ ಕಾಲಂ, ಅಂದರೆ 77 ಮತ್ತು 78ನೇ ಜಾಗ ನೋಡಿ ಬೇರೆ ಮಾಡಿ.

ಜೂನ್-ಜುಲೈಯಲ್ಲಿ ನಮ್ಮ ಕಡೆ ಕರೆಂಟ್ ಯಾವಾಗ ಹೋಗುತ್ತದೆ ಅಂತ ಹೇಳಲಾಗದು. ಕರೆಂಟ್ ಹೋದರೆ ವೈಫೈಯೂ ಹೋಯಿತು, ಡೌನ್‌ಲೋಡ್ ಅರ್ಧಕ್ಕೆ ನಿಂತಿತು. ಅರ್ಧ ಫೈಲನ್ನೂ ಸ್ಕ್ರಿಪ್ಟ್ ಸಂತೋಷವಾಗಿ ಓದುತ್ತದೆ. ಫೈಲಿನ ಕೊನೆಯಲ್ಲಿ 'ಎಂಡ್' ಸಾಲು ಇದೆಯಾ ನೋಡಿ. ಅದರ ಮೇಲಿನ 'ಮಾಸ್ಟರ್' ಸಾಲಿನಲ್ಲಿ ಪರಮಾಣುಗಳ ಒಟ್ಟು ಸಂಖ್ಯೆ ಇರುತ್ತದೆ, ನಿಮ್ಮ ಎಣಿಕೆಗೆ ಹೋಲಿಸಿ.

ಪಟ್ಟಿ ಸರಿಯಾಗಿ ಎರಡರಷ್ಟು ಬಂದಿದ್ದರೆ ಒಂದೇ ಜೋಡಿಯನ್ನು ಎರಡು ದಿಕ್ಕಿನಿಂದ ಎಣಿಸಿದ್ದೀರಿ. ಅದಕ್ಕೆ ಹೆಚ್ಚು ಹೇಳುವುದೇನಿಲ್ಲ.

ಸಿಮ್ಯುಲೇಶನ್ ಮತ್ತು ಊಹಿಸಿದ ಮಾದರಿಗಳು

ಸಿಮ್ಯುಲೇಶನ್‌ನಲ್ಲಿ (ಪ್ರೊಟೀನಿನ ಚಲನೆಯನ್ನು ಕಂಪ್ಯೂಟರಿನಲ್ಲಿ ಒಂದು ಪೆಟ್ಟಿಗೆಯೊಳಗೆ ನಡೆಸಿ ನೋಡುವುದು) ಸಂಪರ್ಕಗಳು ಒಂದು ಕ್ಷಣ ಪೂರ್ತಿ ಹೋಗಿ, ಮರುಕ್ಷಣ ಪೂರ್ತಿ ಬಂದರೆ ಅದು ಜೀವಶಾಸ್ತ್ರವಲ್ಲ. ಒಂದು ಚೈನ್ ಪೆಟ್ಟಿಗೆಯ ಗೋಡೆ ದಾಟಿ ಆಚೆ ಬದಿಯಿಂದ ಒಳಗೆ ಬಂದಿದೆ. ನಿಜವಾದ ಬಿಡಿಸಿಕೊಳ್ಳುವಿಕೆ ನಿಧಾನಕ್ಕೆ, ಒಂದೊಂದೇ ಸಂಪರ್ಕ ಕಳೆದುಕೊಂಡು ಆಗುತ್ತದೆ. ಗ್ರೋಮ್ಯಾಕ್ಸ್‌ನಲ್ಲಿ ಮೊದಲು ಅಣುಗಳನ್ನು ಇಡಿಯಾಗಿ ಜೋಡಿಸಿ, ಆಮೇಲೆ ಅಳೆಯಿರಿ. ಎಂಡಿಟ್ರಾಜ್‌ನಲ್ಲಿ ಎಲ್ಲಾ ಜೋಡಿ ಕೊಡು ಅಂದರೂ ಅದು ಒಂದು ಮತ್ತು ಎರಡು ಹೆಜ್ಜೆ ದೂರದ ಪಕ್ಕದವರನ್ನು ತಾನಾಗಿ ಬಿಡುತ್ತದೆ ಎನ್ನುವುದೂ ಗೊತ್ತಿರಲಿ. ಬಯೋಪೈಥಾನ್ ಪಟ್ಟಿಯ ಜೊತೆ ಎಣಿಕೆ ಹೊಂದದಿರಲು ಅದೂ ಕಾರಣ.

ರಚನೆ ಊಹಿಸುವ ಪ್ರೋಗ್ರಾಂ ಆಲ್ಫಾಫೋಲ್ಡ್ ಕೊಡುವ ಮಾದರಿಯಲ್ಲಿ ಬಿ-ಫ್ಯಾಕ್ಟರ್ (ಪರಮಾಣುವಿನ ಅಲುಗಾಟದ ಅಳತೆ) ಕಾಲಂನಲ್ಲಿ ಇರುವುದು ಬಿ-ಫ್ಯಾಕ್ಟರ್ ಅಲ್ಲ, 0ರಿಂದ 100ರ ವರೆಗಿನ ಭರವಸೆಯ ಅಂಕ. ಎಕ್ಸ್-ರೇ ಫೈಲಿನಲ್ಲಿ ದೊಡ್ಡ ಸಂಖ್ಯೆ ಅಂದರೆ ಅಲುಗಾಟ ಜಾಸ್ತಿ, ಇಲ್ಲಿ ದೊಡ್ಡ ಸಂಖ್ಯೆ ಅಂದರೆ ಭರವಸೆ ಜಾಸ್ತಿ. ಹಳೆಯ ಫಿಲ್ಟರನ್ನು ಹಾಗೇ ಹಾಕಿದರೆ ಒಳ್ಳೆಯ ಭಾಗ ಹೋಗಿ ಕೆಟ್ಟ ಭಾಗ ಉಳಿಯುತ್ತದೆ. 70ಕ್ಕಿಂತ ಕೆಳಗಿನ ರೆಸಿಡ್ಯೂಗಳ ಸಂಪರ್ಕವನ್ನು ಅನುಮಾನದಿಂದ ನೋಡಿ. 50ಕ್ಕಿಂತ ಕೆಳಗಿದ್ದರೆ ಬಿಟ್ಟೇ ಬಿಡಿ. ಜಾಕಲಿನ್‌ನಂಥ ಪ್ರೊಟೀನಿಗೆ ಕತ್ತರಿಸುವ ಮೊದಲಿನ ಇಡೀ ಸರಣಿ ಕೊಟ್ಟು ಮಾದರಿ ಮಾಡಿದರೆ, ಗ್ಲೈಸಿನ್ 1ರ ಮುಂದೆ ಆ ಕೊಂಡಿ ಇನ್ನೂ ಇರುತ್ತದೆ. ಸಕ್ಕರೆ ಹಿಡಿಯುವ ಬಿಡುಗಡೆಯಾದ ತುದಿಯೇ ಅಲ್ಲಿ ಇಲ್ಲ. ಅಂಕ ಎಷ್ಟು ಚೆನ್ನಾಗಿದ್ದರೂ ಆ ಜಾಗದ ಸಂಪರ್ಕಗಳಿಗೆ ಅರ್ಥ ಇಲ್ಲ.

ಇಷ್ಟೆಲ್ಲ ನೋಡಿದರೂ ಸಿಗದಿದ್ದರೆ

ಕೇಳಿ. ಆದರೆ 'ಪಟ್ಟಿ ತಪ್ಪು ಬರ್ತದೆ' ಅಂತ ಮಾತ್ರ ಬರೆದರೆ ಯಾರಿಂದಲೂ ಏನೂ ಮಾಡಲಾಗದು. ಫೈಲಿನ ಹೆಸರು, ಅದು ಪಿಡಿಬಿಯೋ ಎಂಎಂಸಿಫೋ, ಅಸೆಂಬ್ಲಿ ಫೈಲೋ ಅಲ್ಲವೋ ತಿಳಿಸಿ. ನಿಮ್ಮ ಪ್ರಕಾರ ಸಂಪರ್ಕ ಅಂದರೆ ಏನು ಅಂತ ಒಂದೇ ವಾಕ್ಯದಲ್ಲಿ ಬರೆಯಿರಿ: ಯಾವ ಪರಮಾಣುಗಳು, ಎಷ್ಟು ದೂರ, ಯಾರನ್ನು ಬಿಟ್ಟಿದ್ದೀರಿ. ಬರಬೇಕಿದ್ದು ಬಾರದ, ಇಲ್ಲವೇ ಬರಬಾರದ್ದು ಬಂದ ಒಂದು ಜೋಡಿಯನ್ನು ಆರಿಸಿ, ಚೈನ್, ನಂಬರ್, ಪರಮಾಣುವಿನ ಹೆಸರಿನ ಜೊತೆ ಕೊಡಿ. ಅದೇ ಜೋಡಿಯ ದೂರವನ್ನು ಪೈಮಾಲ್ ಅಥವಾ ಕೈಮೆರಾಎಕ್ಸ್‌ನಲ್ಲಿ ಕೈಯಾರೆ ಅಳೆದು ಬರೆಯಿರಿ. ಎಷ್ಟೋ ಸಲ ಇದನ್ನು ಬರೆಯುವಾಗಲೇ ದೋಷ ಸಿಗುತ್ತದೆ.

ಫೈಲಿನ ಸಾಲುಗಳನ್ನು ವಾಟ್ಸಾಪ್ ಮೆಸೇಜಿನಲ್ಲಿ ಅಂಟಿಸಬೇಡಿ, ಕಾಲಂ ಅಳತೆ ಹಾಳಾಗುತ್ತದೆ. ಸ್ಕ್ರೀನ್‌ಶಾಟೂ ಬೇಡ. ಸ್ಕ್ರಿಪ್ಟ್ ಮತ್ತು ರಚನೆಯ ಫೈಲ್ ಎರಡನ್ನೂ ಅಟ್ಯಾಚ್ ಮಾಡಿ ಕಳಿಸಿ.